ಗೆಲಾಕ್ಸಿ, ನೀಹಾರಿಕೆ ಮತ್ತು ತಾರಾಗುಚ್ಛಗಳ ವೀಕ್ಷಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಗೆಲಾಕ್ಸಿ, ನೀಹಾರಿಕೆ, ತಾರಾಗುಚ್ಛ ಇವು ಬೇರೆ ಬೇರೆಯಾಗಿದ್ದರೂ ಹವ್ಯಾಸಿಗಳು ಇವನ್ನು ಒಟ್ಟಿಗೆ ಏಕೆ ಹೆಸರಿಸುತ್ತಾರೆ?

ಸ್ವಭಾವದಲ್ಲಿ ಇವು ಬೇರೆಯೇ. ತಾರಾಗುಚ್ಛವೆಂದರೆ ಒಂದೇ ಮೂಲದಿಂದ ಹುಟ್ಟಿ ಪರಸ್ಪರ ಗುರುತ್ವದಿಂದ ಜೊತೆಗಿರುವ ನಕ್ಷತ್ರಗಳ ಗುಂಪು. ಇದರಲ್ಲಿ ಎರಡು ಬಗೆ: ಕೆಲವು ಹತ್ತುಗಳಿಂದ ಕೆಲವು ಸಾವಿರದವರೆಗೆ ನಕ್ಷತ್ರಗಳಿರುವ, ಹೆಚ್ಚಾಗಿ ಎಳೆಯ ವಯಸ್ಸಿನ ಮುಕ್ತ ಗುಚ್ಛಗಳು, ಮತ್ತು ಲಕ್ಷಗಟ್ಟಲೆ ಮುದಿ ನಕ್ಷತ್ರಗಳು ಚೆಂಡಿನಾಕಾರದಲ್ಲಿ ಒತ್ತಾಗಿ ನೆರೆದಿರುವ ಗೋಳಗುಚ್ಛಗಳು. ನೀಹಾರಿಕೆ ಅನಿಲ ಮತ್ತು ದೂಳಿನ ರಾಶಿ. ಅದು ಹೊಸ ನಕ್ಷತ್ರಗಳು ಹುಟ್ಟುತ್ತಿರುವ ಮೋಡವಾಗಿರಬಹುದು, ಸಾಯುತ್ತಿರುವ ನಕ್ಷತ್ರ ಹೊರಚೆಲ್ಲಿದ ಪೊರೆಯಾಗಿರಬಹುದು, ಅಥವಾ ಸ್ಫೋಟಗೊಂಡ ನಕ್ಷತ್ರದ ಅವಶೇಷವಾಗಿರಬಹುದು. ಗೆಲಾಕ್ಸಿಯಾದರೋ ನಮ್ಮ ಆಕಾಶಗಂಗೆಯಂತೆಯೇ ಸ್ವತಂತ್ರವಾದ, ಕೋಟ್ಯಂತರ ನಕ್ಷತ್ರಗಳ ವ್ಯವಸ್ಥೆ. ಗುಚ್ಛಗಳೂ ನೀಹಾರಿಕೆಗಳೂ ಅದರ ಒಳಗಿನ ಅಂಗಗಳು.

ಆದರೆ ಚಿಕ್ಕ ದೂರದರ್ಶಕದಲ್ಲಿ ಮೊದಲ ನೋಟಕ್ಕೆ ಇವುಗಳಲ್ಲಿ ಬಹುಪಾಲು ಒಂದೇ ರೀತಿ, ಮಸುಕಾದ ಬೆಳಕಿನ ಕಲೆಗಳಂತೆ ತೋರುತ್ತವೆ. ಖಗೋಳಜ್ಞರಿಗೂ ಇವನ್ನು ಬೇರ್ಪಡಿಸಲು ಬಹಳ ಕಾಲ ಹಿಡಿಯಿತು. 1864ರಲ್ಲಿ ವಿಲಿಯಂ ಹಗ್ಗಿನ್ಸ್ ಎನ್‌ಜಿಸಿ 6543ರ (ಎನ್‌ಜಿಸಿ, ಎಂ ಎಂಬವು ಇಂಥ ಕಾಯಗಳ ಎರಡು ಪಟ್ಟಿಗಳ ಗುರುತು; ವಿವರ ಮುಂದಿದೆ) ರೋಹಿತವನ್ನು, ಅಂದರೆ ಬಣ್ಣಗಳಾಗಿ ಬಿಡಿಸಿದ ಬೆಳಕನ್ನು ಪರೀಕ್ಷಿಸಿ, ಅಲ್ಲಿ ನಕ್ಷತ್ರಗಳ ಬೆಳಕಿನ ಬದಲು ಕೆಲವೇ ಪ್ರಕಾಶಮಾನ ರೇಖೆಗಳಿರುವುದನ್ನು ಕಂಡಾಗ, ಕೆಲವು ನೀಹಾರಿಕೆಗಳು ನಿಜಕ್ಕೂ ಅನಿಲವೆಂಬುದು ಖಚಿತವಾಯಿತು. ಉಳಿದವುಗಳಲ್ಲಿ ಸುರುಳಿಯಾಕಾರದವು ನಮ್ಮ ಆಕಾಶಗಂಗೆಯ ಒಳಗಿವೆಯೋ ಹೊರಗಿವೆಯೋ ಎಂಬ ವಾದ 1920ರಲ್ಲೂ ನಡೆದಿತ್ತು. ಅದರ ಬೆನ್ನಿಗೇ ಎಡ್ವಿನ್ ಹಬಲ್ ಆಂಡ್ರೊಮಿಡಾದಲ್ಲಿ ಸೆಫೀಡ್ ಚರತಾರೆಗಳನ್ನು (ಕಾಂತಿ ಏರಿಳಿಯುವ, ದೂರವನ್ನು ಅಳೆಯಲು ನೆರವಾಗುವ ನಕ್ಷತ್ರಗಳನ್ನು) ಗುರುತಿಸಿ ಅದು ಬಹುದೂರದ ಪ್ರತ್ಯೇಕ ಗೆಲಾಕ್ಸಿ ಎಂದು ತೋರಿಸಿದರು. ವೀಕ್ಷಕನ ಮಟ್ಟಿಗೆ ಹೇಳುವುದಾದರೆ ಈ ಎಲ್ಲ ಕಾಯಗಳೂ ಬೇಡುವುದು ಒಂದೇ: ಕತ್ತಲ ಆಕಾಶ, ಪಳಗಿದ ಕಣ್ಣು, ತಾಳ್ಮೆ. ಆದ್ದರಿಂದಲೇ ಇವನ್ನು ಡೀಪ್ ಸ್ಕೈ ಕಾಯಗಳೆಂದು ಒಂದೇ ಹೆಸರಿನಡಿ ಸೇರಿಸುತ್ತಾರೆ.

ಯಾವ ಉಪಕರಣವೂ ಇಲ್ಲದೆ ಬರಿಗಣ್ಣಿಗೆ ಏನೇನು ಕಾಣುತ್ತದೆ?

ಹೆಚ್ಚಿನವರು ಎಣಿಸಿರುವುದಕ್ಕಿಂತ ಹೆಚ್ಚು. ವೃಷಭ ರಾಶಿಯ ಕೃತ್ತಿಕಾ ಗುಚ್ಛ ನಗರದ ಆಕಾಶದಲ್ಲೂ ಕಾಣುತ್ತದೆ. ಅದು ಸುಮಾರು 440 ಜ್ಯೋತಿರ್ವರ್ಷ ದೂರದಲ್ಲಿದೆ. ಅದರ ಪಕ್ಕದಲ್ಲೇ ಇಂಗ್ಲಿಷಿನ ‘ವಿ’ ಅಕ್ಷರದ ಆಕಾರದಲ್ಲಿರುವ ಹಯಡೀಸ್ ಗುಚ್ಛವು ಸುಮಾರು 150 ಜ್ಯೋತಿರ್ವರ್ಷ ದೂರದಲ್ಲಿದ್ದು, ಆ ಆಕಾರದ ತುದಿಯಲ್ಲಿ ಕೆಂಪಗೆ ಹೊಳೆಯುವ ರೋಹಿಣಿ ನಕ್ಷತ್ರ ಮಾತ್ರ ಗುಚ್ಛದ ಸದಸ್ಯನಲ್ಲ. ಅದು ನಮಗೆ ಅರ್ಧಕ್ಕಿಂತಲೂ ಹತ್ತಿರದಲ್ಲಿ ನಿಂತು ಅದೇ ದಿಕ್ಕಿನಲ್ಲಿ ಕಾಣುತ್ತಿದೆ. ಕರ್ಕಾಟಕ ರಾಶಿಯ ನಡುವಿನ ಎಂ 44 ಕತ್ತಲ ಆಕಾಶದಲ್ಲಿ ಮಂಜಿನ ತುಣುಕಿನಂತೆ ತೋರುತ್ತದೆ. ಗೆಲಿಲಿಯೊ ತನ್ನ ದೂರದರ್ಶಕವನ್ನು ತಿರುಗಿಸಿ ಅದು ನಕ್ಷತ್ರಗಳ ಗುಂಪೆಂದು ಕಂಡುಕೊಂಡ. ವೃಶ್ಚಿಕದ ಬಾಲದ ಬಳಿಯ ಎಂ 7 ಗುಚ್ಛವನ್ನು ಟಾಲೆಮಿ ಎರಡನೆಯ ಶತಮಾನದಲ್ಲಿಯೇ ದಾಖಲಿಸಿದ್ದಾನೆ.

ಮಹಾವ್ಯಾಧನ ಸೊಂಟಪಟ್ಟಿಯ ಮೂರು ನಕ್ಷತ್ರಗಳ ಕೆಳಗೆ ತೂಗುವ ಖಡ್ಗದಲ್ಲಿ ನಡುವಿನ ‘ನಕ್ಷತ್ರ’ ತುಸು ಮಬ್ಬಾಗಿ ಕಂಡರೆ ನೀವು ನೋಡುತ್ತಿರುವುದು ಎಂ 42 ನೀಹಾರಿಕೆಯನ್ನು. ಅದರ ದೂರ ಸುಮಾರು 1,350 ಜ್ಯೋತಿರ್ವರ್ಷ. ದಕ್ಷಿಣ ಗೋಳಾರ್ಧದಲ್ಲಿರುವವರಿಗೆ ದೊಡ್ಡ ಮತ್ತು ಚಿಕ್ಕ ಮ್ಯಾಗೆಲಾನಿಕ್ ಮೋಡಗಳೆಂಬ ಎರಡು ನೆರೆಯ ಗೆಲಾಕ್ಸಿಗಳು ಅನಾಯಾಸವಾಗಿ ಕಾಣುತ್ತವೆ. ಉತ್ತರದವರಿಗೆ ಆಂಡ್ರೊಮಿಡಾ ಇದೆ. ಪರ್ಷಿಯಾದ ಅಲ್ ಸೂಫಿ ಕ್ರಿ.ಶ. 964ರ ಸುಮಾರಿಗೆ ಅದನ್ನು ಪುಟ್ಟ ಮೋಡವೆಂದು ಬರೆದಿಟ್ಟಿದ್ದಾನೆ.

ಆಂಡ್ರೊಮಿಡಾ ಗೆಲಾಕ್ಸಿಯನ್ನು ಹುಡುಕುವುದು ಹೇಗೆ?

ಮಹಾಶ್ವ ಪುಂಜದ ದೊಡ್ಡ ಚೌಕವನ್ನು ಮೊದಲು ಗುರುತಿಸಿರಿ. ಚೌಕದ ಈಶಾನ್ಯ ಮೂಲೆಯ ನಕ್ಷತ್ರದಿಂದ ಹೊರಡುವ ದೇವಯಾನಿ (ಆಂಡ್ರೊಮಿಡಾ) ಪುಂಜದ ಸಾಲಿನಲ್ಲಿ ಎರಡನೆಯ ಪ್ರಕಾಶಮಾನ ನಕ್ಷತ್ರವಾದ ಮಿರಾಕ್‌ವರೆಗೆ ಸಾಗಿ, ಅಲ್ಲಿಂದ ಸಾಲಿಗೆ ಲಂಬವಾಗಿ, ಕುಂತಿ (ಕ್ಯಾಸಿಯೋಪಿಯಾ) ಪುಂಜದ ಕಡೆಗೆ ತಿರುಗಿದರೆ ಎರಡು ಮಂದ ನಕ್ಷತ್ರಗಳು ಒಂದಾದ ಮೇಲೊಂದು ಸಿಗುತ್ತವೆ. ಎರಡನೆಯದರ ಪಕ್ಕದಲ್ಲೇ ಇರುವ ಉದ್ದನೆಯ ಮಸುಕು ಕಲೆಯೇ ಎಂ 31. ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದ ಈ ಗೆಲಾಕ್ಸಿಯ ಪೂರ್ಣ ಉದ್ದ ಆಕಾಶದಲ್ಲಿ ಸುಮಾರು 3 ಡಿಗ್ರಿ, ಅಂದರೆ ಆರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು. ಕಣ್ಣಿಗೆ ಸುಲಭವಾಗಿ ಸಿಗುವುದು ಅದರ ನಡುವಿನ ಕಾಂತಿಯುತ ಭಾಗ ಮಾತ್ರ; ಅಂಚುಗಳು ಎಲ್ಲಿಯವರೆಗೆ ಕಾಣುತ್ತವೆ ಎಂಬುದೇ ನಿಮ್ಮ ಆಕಾಶ ಎಷ್ಟು ಕತ್ತಲೆಂಬುದಕ್ಕೆ ಒಂದು ಪರೀಕ್ಷೆ.

ಛಾಯಾಚಿತ್ರಗಳಲ್ಲಿರುವ ಬಣ್ಣಗಳು ದೂರದರ್ಶಕದಲ್ಲಿ ಏಕೆ ಕಾಣುವುದಿಲ್ಲ?

ಹೊಸಬರ ನಿರಾಶೆಗೆ ಇದರಷ್ಟು ದೊಡ್ಡ ಕಾರಣ ಇನ್ನೊಂದಿಲ್ಲ, ಹಾಗಾಗಿ ತುಸು ವಿಸ್ತಾರವಾಗಿಯೇ ಹೇಳಬೇಕು. ಕಣ್ಣಿನ ಅಕ್ಷಿಪಟಲದಲ್ಲಿ ಎರಡು ಬಗೆಯ ಕೋಶಗಳಿವೆ. ಬಣ್ಣವನ್ನು ಗುರುತಿಸುವ ಶಂಕುಕೋಶಗಳಿಗೆ ಸಾಕಷ್ಟು ಬೆಳಕು ಬೇಕು. ಮಂದ ಬೆಳಕಿನಲ್ಲಿ ಕೆಲಸ ಮಾಡುವ ದಂಡಕೋಶಗಳಿಗೆ ಬಣ್ಣದ ಪರಿಜ್ಞಾನವಿಲ್ಲ. ನೀಹಾರಿಕೆ ಮತ್ತು ಗೆಲಾಕ್ಸಿಗಳ ಬೆಳಕು ಬಹುತೇಕ ಶಂಕುಕೋಶಗಳ ಮಿತಿಗಿಂತ ಕೆಳಗಿರುವುದರಿಂದ ಅವು ಬೂದುಬಣ್ಣದಲ್ಲಿ ಕಾಣುತ್ತವೆ. ಅದರ ಮೇಲೆ, ಚಿತ್ರಗಳಲ್ಲಿ ಪ್ರಧಾನವಾಗಿರುವ ಕೆಂಪೆಂದರೆ ಜಲಜನಕದ 656 ನ್ಯಾನೊಮೀಟರ್ ತರಂಗಾಂತರದ ಬೆಳಕು. ಕತ್ತಲೆಗೆ ಹೊಂದಿಕೊಂಡ ಕಣ್ಣು ಅದಕ್ಕೆ ಹೆಚ್ಚುಕಡಿಮೆ ಕುರುಡು. ಅದೇ ಕಣ್ಣು ಅತ್ಯಂತ ಚುರುಕಾಗಿರುವುದು 500 ನ್ಯಾನೊಮೀಟರಿನ ಆಸುಪಾಸಿನಲ್ಲಿ, ಮತ್ತು ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕ ಬೆಳಗುವುದೂ ಅಲ್ಲಿಯೇ. ಆದ್ದರಿಂದ ಚಿತ್ರದಲ್ಲಿ ಗುಲಾಬಿ ಬಣ್ಣದ ಎಂ 42 ಮಧ್ಯಮ ಗಾತ್ರದ ದೂರದರ್ಶಕದಲ್ಲಿ ತಿಳಿಹಸಿರು ಛಾಯೆಯಲ್ಲಿ ಕಾಣುತ್ತದೆ.

ಇನ್ನೊಂದು ಭೇದ ಸಮಯದ್ದು. ಕ್ಯಾಮೆರಾ ನಿಮಿಷಗಟ್ಟಲೆ, ಗಂಟೆಗಟ್ಟಲೆ ಬೆಳಕನ್ನು ಕೂಡಿಸಿಡುತ್ತದೆ. ಕಣ್ಣು ಒಂದು ಕ್ಷಣದ ಸಣ್ಣ ಭಾಗಕ್ಕಿಂತ ಹೆಚ್ಚು ಹೊತ್ತು ಕೂಡಿಸಲಾರದು. ಬಣ್ಣವೇ ಬೇಕೆನ್ನುವವರು ಗ್ರಹರೂಪಿ ನೀಹಾರಿಕೆಗಳನ್ನು, ಅಂದರೆ ಸಾಯುತ್ತಿರುವ ನಕ್ಷತ್ರಗಳು ಹೊರಚೆಲ್ಲಿದ ಪೊರೆಗಳನ್ನು ನೋಡಲಿ: ಎನ್‌ಜಿಸಿ 7662, ಎನ್‌ಜಿಸಿ 3242 ಮುಂತಾದವು ಗಾತ್ರದಲ್ಲಿ ಚಿಕ್ಕವಾದರೂ ಬೆಳಕು ಒತ್ತಾಗಿರುವುದರಿಂದ ಅವುಗಳ ನೀಲಿ ಹಸಿರು ಛಾಯೆ ಸ್ಪಷ್ಟವಾಗಿ ತಿಳಿಯುತ್ತದೆ.

ಪಟ್ಟಿಯಲ್ಲಿ ಕಾಂತಿಮಾನ 8 ಎಂದಿದ್ದರೂ ಕೆಲವು ಗೆಲಾಕ್ಸಿಗಳು ಕಾಣುವುದೇ ಇಲ್ಲ. ಇದೇಕೆ?

ಪಟ್ಟಿಗಳು ಕೊಡುವುದು ಒಟ್ಟು ಕಾಂತಿಮಾನವನ್ನು, ಅಂದರೆ ಕಾಯದ ಬೆಳಕನ್ನೆಲ್ಲ ಒಂದು ಬಿಂದುವಿಗೆ ಇಳಿಸಿದ್ದರೆ ಅದು ಎಷ್ಟು ಪ್ರಕಾಶವಾಗಿ ಕಾಣುತ್ತಿತ್ತು ಎಂಬ ಲೆಕ್ಕವನ್ನು. (ಸಂಖ್ಯೆ ಹೆಚ್ಚಿದಷ್ಟೂ ಕಾಯ ಮಂದ ಎಂಬುದು ನೆನಪಿರಲಿ.) ನಕ್ಷತ್ರಕ್ಕೆ ಈ ಲೆಕ್ಕ ಸರಿ, ಹರಡಿಕೊಂಡಿರುವ ಕಾಯಕ್ಕೆ ಇದು ದಾರಿ ತಪ್ಪಿಸುತ್ತದೆ. ಎಂ 104 ಮತ್ತು ಎಂ 101 ಎರಡು ಗೆಲಾಕ್ಸಿಗಳ ಒಟ್ಟು ಕಾಂತಿಮಾನವೂ 8ರ ಹತ್ತಿರ. ಆದರೆ ಎಂ 101ರ ಬೆಳಕು ಎಂ 104ಕ್ಕಿಂತ ಹತ್ತಾರು ಪಟ್ಟು ದೊಡ್ಡ ಪ್ರದೇಶದಲ್ಲಿ ಹಂಚಿಹೋಗಿದೆ. ಫಲವಾಗಿ ಮೊದಲನೆಯದು ಊರಂಚಿನ ಆಕಾಶದಲ್ಲೂ ಸಿಗುತ್ತದೆ, ಎರಡನೆಯದು ಒಳ್ಳೆಯ ಕತ್ತಲಿಲ್ಲದೆ ಇರುವ ಸುಳಿವನ್ನೂ ಕೊಡುವುದಿಲ್ಲ. ತ್ರಿಕೋಣ ಪುಂಜದ ಎಂ 33 ಕೂಡ ಹೀಗೆಯೇ: ಕಾಂತಿಮಾನ 5.7 ಎಂದು ಓದಿ ಸುಲಭವೆಂದು ಹೊರಟವರು ಬರಿಗೈಯಲ್ಲಿ ಮರಳುತ್ತಾರೆ. ಆದ್ದರಿಂದ ಕಾಂತಿಮಾನದ ಜೊತೆಗೆ ಗಾತ್ರವನ್ನೂ ನೋಡಿ. ಮೇಲ್ಮೈ ಪ್ರಕಾಶ ಎಂಬ ಅಂಕಣ ಪಟ್ಟಿಯಲ್ಲಿದ್ದರೆ ಅದನ್ನೇ ಮೊದಲು ಓದಿ.

ಆಕಾಶ ಎಷ್ಟು ಕತ್ತಲಾಗಿರಬೇಕು? ನಗರದಿಂದ ನೋಡಲು ಸಾಧ್ಯವೇ ಇಲ್ಲವೇ?

ಉಪಕರಣಕ್ಕೆ ಖರ್ಚು ಮಾಡುವ ಮೊದಲು ಕತ್ತಲ ಸ್ಥಳಕ್ಕೆ ಒಮ್ಮೆ ಹೋಗಿಬನ್ನಿ ಎಂಬುದು ನನ್ನ ಸಲಹೆ. ನೀಹಾರಿಕೆ ಅಥವಾ ಗೆಲಾಕ್ಸಿ ಕಾಣುವುದು ಅದರ ಹಿಂದಿನ ಆಕಾಶಕ್ಕಿಂತ ತುಸು ಹೆಚ್ಚು ಬೆಳಗಿರುವುದರಿಂದ. ದೀಪಗಳ ಬೆಳಕು ಆಕಾಶವನ್ನೇ ಬೆಳಗಿಸಿಬಿಟ್ಟರೆ ಆ ವ್ಯತ್ಯಾಸ ಅಳಿಸಿಹೋಗುತ್ತದೆ, ಆಗ ಎಷ್ಟು ದೊಡ್ಡ ದೂರದರ್ಶಕವಿದ್ದರೂ ಕಾಯವನ್ನೂ ಹಿನ್ನೆಲೆಯನ್ನೂ ಅದು ಸಮವಾಗಿಯೇ ತೋರಿಸುತ್ತದೆ. ಆಕಾಶದ ಗುಣಮಟ್ಟವನ್ನು ಅಳೆಯಲು ಜಾನ್ ಬಾರ್ಟಲ್ 2001ರಲ್ಲಿ 9 ದರ್ಜೆಗಳ ಮಾಪನವೊಂದನ್ನು ಪ್ರಕಟಿಸಿದರು. 1 ಎಂದರೆ ಅತ್ಯಂತ ಕತ್ತಲು, 9 ಎಂದರೆ ನಗರದ ನಡುಭಾಗ.

ನಗರವಾಸಿಗಳು ಕೈಚೆಲ್ಲಬೇಕಾಗಿಲ್ಲ. ಮುಕ್ತ ಗುಚ್ಛಗಳು ನಕ್ಷತ್ರಗಳಿಂದಾದವು, ನಕ್ಷತ್ರಗಳು ಬಿಂದುಗಳು, ಹಾಗಾಗಿ ಬೆಳಗಿದ ಆಕಾಶದಲ್ಲೂ ದೂರದರ್ಶಕ ಅವನ್ನು ಎತ್ತಿ ತೋರಿಸಬಲ್ಲದು. ಕೃತ್ತಿಕಾ, ಎಂ 44, ಮಿಥುನ ರಾಶಿಯ ಎಂ 35, ಲುಬ್ಧಕದ ಕೆಳಗಿನ ಎಂ 41, ಪಾರ್ಥ ಪುಂಜದ ಜೋಡಿಗುಚ್ಛ ಇವೆಲ್ಲ ನಗರದಿಂದ ಸಿಗುತ್ತವೆ. ಎಂ 13ರಂತಹ ಪ್ರಕಾಶಮಾನ ಗೋಳಗುಚ್ಛಗಳೂ ಎಂ 57ರಂತಹ ಗ್ರಹರೂಪಿ ನೀಹಾರಿಕೆಗಳೂ ಎಂ 42 ಕೂಡ ಸಿಗುತ್ತವೆ. ಪೂರ್ತಿ ಸೋಲುವುದು ಗೆಲಾಕ್ಸಿಗಳ ವಿಷಯದಲ್ಲಿ.

ಚಂದ್ರ ಮತ್ತು ಸಂಧ್ಯಾಕಾಲದ ವಿಚಾರವೇನು?

ಅಮಾವಾಸ್ಯೆಯ ಆಸುಪಾಸಿನ ವಾರವೇ ಉತ್ತಮ. ಇಲ್ಲವಾದರೆ ಚಂದ್ರ ಮುಳುಗಿದ ಮೇಲೆ ಅಥವಾ ಹುಟ್ಟುವ ಮೊದಲು ನೋಡಬೇಕು. ಸೂರ್ಯ ದಿಗಂತದಿಂದ 18 ಡಿಗ್ರಿ ಕೆಳಗಿಳಿದ ಮೇಲಷ್ಟೇ ಆಕಾಶ ಪೂರ್ತಿ ಕತ್ತಲಾಗುತ್ತದೆ. ಸುಮಾರು 49 ಡಿಗ್ರಿಗಿಂತ ಹೆಚ್ಚಿನ ಅಕ್ಷಾಂಶಗಳಲ್ಲಿ ಬೇಸಿಗೆಯ ನಡುವಿನ ಕೆಲವು ವಾರ ಇದು ಘಟಿಸುವುದೇ ಇಲ್ಲ.

ಕಣ್ಣನ್ನು ಕತ್ತಲೆಗೆ ಹೊಂದಿಸುವುದು ಎಂದರೇನು? ಓರೆನೋಟವೆಂದರೇನು?

ಕತ್ತಲಿಗೆ ಬಂದ ಕೂಡಲೇ ಪಾಪೆ ಹಿಗ್ಗುತ್ತದೆ, ಆದರೆ ನಿಜವಾದ ಲಾಭ ಬರುವುದು ಆಮೇಲೆ, ದಂಡಕೋಶಗಳಲ್ಲಿ ರೊಡಾಪ್ಸಿನ್ ಎಂಬ ವರ್ಣದ್ರವ್ಯ ಮರಳಿ ತುಂಬಿಕೊಂಡಾಗ; ಅದಕ್ಕೆ 20ರಿಂದ 30 ನಿಮಿಷ ಬೇಕು. ಮೊಬೈಲಿನ ಪರದೆಯನ್ನು ಒಮ್ಮೆ ನೋಡಿದರೂ ಕಾದ ಹೊತ್ತೆಲ್ಲ ವ್ಯರ್ಥವಾಗುತ್ತದೆ. ದಂಡಕೋಶಗಳು ಕೆಂಪು ಬೆಳಕಿಗೆ ಸ್ಪಂದಿಸುವುದು ಕಡಿಮೆಯಾದ್ದರಿಂದ ನಕ್ಷೆ ನೋಡಲು ಮಂದವಾದ ಕೆಂಪು ದೀಪವನ್ನು ಬಳಸುತ್ತಾರೆ. ‘ಮಂದವಾದ’ ಎಂಬ ಮಾತಿಗೆ ಒತ್ತು ಕೊಟ್ಟು ಓದಿಕೊಳ್ಳಿ, ಪ್ರಖರವಾದ ಕೆಂಪು ದೀಪ ಬಿಳಿ ದೀಪಕ್ಕಿಂತ ಬಹಳ ಮೇಲಲ್ಲ.

ಅಕ್ಷಿಪಟಲದ ನಟ್ಟನಡುವೆ, ಅಂದರೆ ನಾವು ನೇರವಾಗಿ ದಿಟ್ಟಿಸುವ ಜಾಗದಲ್ಲಿ, ದಂಡಕೋಶಗಳೇ ಇಲ್ಲ. ಅವು ದಟ್ಟವಾಗಿರುವುದು ಆ ನಡುವಿನಿಂದ ಸುಮಾರು 15ರಿಂದ 20 ಡಿಗ್ರಿ ಆಚೆಗೆ. ಆದಕಾರಣ ಮಂದ ಕಾಯವನ್ನು ನೇರವಾಗಿ ನೋಡದೆ, ಅದರ ಪಕ್ಕಕ್ಕೆ ದೃಷ್ಟಿ ನೆಟ್ಟು, ಗಮನವನ್ನು ಮಾತ್ರ ಕಾಯದ ಮೇಲೆ ಇಡಬೇಕು. ಪಕ್ಕ ಎಂದರೆ ಯಾವ ಪಕ್ಕವಾದರೂ ಆದೀತೆಂದಲ್ಲ: ಪ್ರತಿ ಕಣ್ಣಿಗೂ ಕಿವಿಯ ಕಡೆಯ ನೋಟದಲ್ಲಿ ಒಂದು ಕುರುಡು ಚುಕ್ಕೆ ಇರುವುದರಿಂದ, ಕಾಯವು ಮೂಗಿನ ಕಡೆಗೆ ಉಳಿಯುವಂತೆ ನೋಡಬೇಕು, ಬಲಗಣ್ಣಿನಲ್ಲಿ ನೋಡುತ್ತಿದ್ದರೆ ದೃಷ್ಟಿಯನ್ನು ಕಾಯದ ಬಲಕ್ಕೆ ಸರಿಸಿ. ಇದರ ಚಮತ್ಕಾರವನ್ನು ಅರಿಯಲು ರಾಜಹಂಸ ಪುಂಜದ ಎನ್‌ಜಿಸಿ 6826 ಒಳ್ಳೆಯ ಕಾಯ. ನೇರವಾಗಿ ನೋಡಿದರೆ ನಡುವಿನ ನಕ್ಷತ್ರ ಮಾತ್ರ ಉಳಿದು ನೀಹಾರಿಕೆ ಮಾಯವಾಗುತ್ತದೆ, ಓರೆನೋಟಕ್ಕೆ ಮತ್ತೆ ಹೊರಬರುತ್ತದೆ. ಇದರ ಜೊತೆಗೆ ದೂರದರ್ಶಕವನ್ನು ಬೆರಳಿನಿಂದ ಮೆಲ್ಲಗೆ ತಟ್ಟುವ ರೂಢಿಯೂ ಉಂಟು, ಏಕೆಂದರೆ ಅಂಚಿನ ನೋಟಕ್ಕೆ ಚಲಿಸುವ ವಸ್ತು ಬೇಗ ಸಿಗುತ್ತದೆ.

ಬೈನಾಕ್ಯುಲರ್ ಸಾಕೇ, ದೂರದರ್ಶಕವೇ ಬೇಕೇ?

ಮೊದಲ ವರ್ಷಕ್ಕೆ 10x50 ಬೈನಾಕ್ಯುಲರ್ ಧಾರಾಳವಾಗಿ ಸಾಕು, ಮತ್ತು ದೂರದರ್ಶಕ ಬಂದ ಮೇಲೂ ಅದು ಮೂಲೆಗೆ ಸೇರುವುದಿಲ್ಲ. 10 ಎಂಬುದು ವರ್ಧನೆ, 50 ಎಂಬುದು ಮುಂಭಾಗದ ಮಸೂರದ ವ್ಯಾಸ ಮಿಲಿಮೀಟರುಗಳಲ್ಲಿ. ಕೃತ್ತಿಕಾ, ಹಯಡೀಸ್, ಆಂಡ್ರೊಮಿಡಾ, ಧನು ರಾಶಿಯ ದಟ್ಟ ನಕ್ಷತ್ರಮೋಡಗಳು ಇವೆಲ್ಲ ವಿಶಾಲ ಕಾಯಗಳು; ದೂರದರ್ಶಕದ ಕಿರಿದಾದ ನೋಟದಲ್ಲಿ ಅವು ತುಂಡಾಗುತ್ತವೆ, ಬೈನಾಕ್ಯುಲರಿನಲ್ಲಿ ಇಡಿಯಾಗಿ ಉಳಿಯುತ್ತವೆ. ಕೈ ನಡುಗುವುದೊಂದೇ ತೊಂದರೆ. ಆರಾಮಕುರ್ಚಿಯಲ್ಲಿ ಒರಗಿ ಮೊಣಕೈಗಳನ್ನು ಕುರ್ಚಿಯ ತೋಳಿಗೆ ಊರಿದರೆ, ಇಲ್ಲವೇ ಮುಕ್ಕಾಲಿಗೆ ಬೈನಾಕ್ಯುಲರನ್ನು ಬಿಗಿದರೆ, ಕಾಣುವ ನಕ್ಷತ್ರಗಳ ಸಂಖ್ಯೆಯೇ ಹೆಚ್ಚುತ್ತದೆ.

ದೂರದರ್ಶಕ ಕೊಳ್ಳುವುದಾದರೆ ಯಾವುದು?

ಈ ಕಾಯಗಳ ಮಟ್ಟಿಗೆ ಮುಖ್ಯ ಕನ್ನಡಿಯ ಅಥವಾ ಮಸೂರದ ವ್ಯಾಸವೇ ಎಲ್ಲಕ್ಕಿಂತ ಮುಖ್ಯ. 200 ಮಿ.ಮೀ. ಕನ್ನಡಿಯು 7 ಮಿ.ಮೀ.ಗೆ ಹಿಗ್ಗಿದ ಪಾಪೆಗಿಂತ ಸುಮಾರು 800 ಪಟ್ಟು ಹೆಚ್ಚು ಬೆಳಕನ್ನು ಸಂಗ್ರಹಿಸುತ್ತದೆ. ಅದೇ ಹಣಕ್ಕೆ ಅತಿ ಹೆಚ್ಚು ವ್ಯಾಸ ದೊರೆಯುವುದು ಡಾಬ್ಸೋನಿಯನ್ ಮಾದರಿಯಲ್ಲಿ, ಅಂದರೆ ಜಾನ್ ಡಾಬ್ಸನ್ ಜನಪ್ರಿಯಗೊಳಿಸಿದ, ಸರಳವಾದ ಮರದ ಪೀಠದ ಮೇಲೆ ಕೂರುವ ನ್ಯೂಟನ್ ದೂರದರ್ಶಕದಲ್ಲಿ. 150 ಅಥವಾ 200 ಮಿ.ಮೀ. ಡಾಬ್ಸೋನಿಯನ್ ಹಲವು ವರ್ಷಗಳ ಕೆಲಸಕ್ಕೆ ಸಾಕಾಗುತ್ತದೆ. ಆದರೆ ಹೊತ್ತೊಯ್ಯಲಾಗದಷ್ಟು ದೊಡ್ಡದನ್ನು ಕೊಂಡು ಮನೆಯಲ್ಲಿಯೇ ಇಡುವುದಕ್ಕಿಂತ ಚಿಕ್ಕದನ್ನು ಕೊಂಡು ಕತ್ತಲ ಸ್ಥಳಕ್ಕೆ ಒಯ್ಯುವುದು ಲೇಸು. ಡಬ್ಬಿಯ ಮೇಲೆ ನೂರಾರು ಪಟ್ಟು ವರ್ಧನೆಯನ್ನು ಸಾರುವ, ನಡುಗುವ ಮುಕ್ಕಾಲಿಯ ಚಿಕ್ಕ ದೂರದರ್ಶಕಗಳಿಂದ ದೂರವಿರಿ.

ದೊಡ್ಡ ದೂರದರ್ಶಕದಲ್ಲಿ ನೀಹಾರಿಕೆ ಹೆಚ್ಚು ಪ್ರಕಾಶವಾಗಿ ಕಾಣುತ್ತದೆ, ಅಲ್ಲವೇ? ವರ್ಧನೆ ಎಷ್ಟಿರಬೇಕು?

ಇಲ್ಲಿ ಬಹಳ ಜನ ಎಡವುತ್ತಾರೆ. ದೂರದರ್ಶಕವು ನಕ್ಷತ್ರದಂತಹ ಬಿಂದುವನ್ನು ಹೆಚ್ಚು ಪ್ರಕಾಶಗೊಳಿಸುತ್ತದೆ, ಆದರೆ ಹರಡಿದ ಕಾಯದ ಮೇಲ್ಮೈ ಪ್ರಕಾಶವನ್ನು ಬರಿಗಣ್ಣಿಗೆ ಇರುವುದಕ್ಕಿಂತ ಹೆಚ್ಚಿಸಲು ಯಾವ ದೂರದರ್ಶಕಕ್ಕೂ ಸಾಧ್ಯವಿಲ್ಲ. ಹೆಚ್ಚು ಬೆಳಕು ಬಂದದ್ದು ನಿಜ, ಆದರೆ ವರ್ಧನೆಯಿಂದ ಅದು ಅಷ್ಟೇ ಹೆಚ್ಚು ವಿಸ್ತಾರಕ್ಕೆ ಹರಡುತ್ತದೆ. ಹಾಗಾದರೆ ಲಾಭವೇನು? ಗಾತ್ರ. ಮಂದ ಬೆಳಕಿನಲ್ಲಿ ಕಣ್ಣು ಸಣ್ಣ ಕಲೆಯನ್ನು ಗುರುತಿಸಲಾರದು, ಅಷ್ಟೇ ಮಂದವಾದ ದೊಡ್ಡ ಕಲೆಯನ್ನು ಗುರುತಿಸಬಲ್ಲದು. ಮೇಲ್ಮೈ ಪ್ರಕಾಶವನ್ನು ಉಳಿಸಿಕೊಂಡೇ ಕಾಯವನ್ನು ಹಿಗ್ಗಿಸಿ ತೋರಿಸುವುದು ದೊಡ್ಡ ಕನ್ನಡಿಯ ಕೆಲಸ.

ದೂರದರ್ಶಕದ ನಾಭಿದೂರವನ್ನು ಐಪೀಸಿನ (ಕಣ್ಣಿಟ್ಟು ನೋಡುವ ಮಸೂರದ) ನಾಭಿದೂರದಿಂದ ಭಾಗಿಸಿದರೆ ವರ್ಧನೆ ಸಿಗುತ್ತದೆ. ಕನ್ನಡಿಯ ವ್ಯಾಸವನ್ನು ವರ್ಧನೆಯಿಂದ ಭಾಗಿಸಿದರೆ ಐಪೀಸಿನಿಂದ ಹೊರಬರುವ ಬೆಳಕಿನ ಕಟ್ಟಿನ ವ್ಯಾಸ ಸಿಗುತ್ತದೆ. ಈ ಎರಡನೆಯ ಸಂಖ್ಯೆ ನಿಮ್ಮ ಪಾಪೆಗಿಂತ ದೊಡ್ಡದಾದರೆ ಬೆಳಕು ಪೋಲಾಗುತ್ತದೆ: 200 ಮಿ.ಮೀ. ಕನ್ನಡಿಗೆ 25 ಪಟ್ಟು ವರ್ಧನೆ ಕೊಟ್ಟರೆ ಕಟ್ಟು 8 ಮಿ.ಮೀ. ಆಗುತ್ತದೆ, ಅಷ್ಟು ಅಗಲಕ್ಕೆ ಹಿಗ್ಗುವ ಪಾಪೆ ಅಪರೂಪ. ವಿಶಾಲ ನೀಹಾರಿಕೆಗಳಿಗೆ 4ರಿಂದ 6 ಮಿ.ಮೀ., ಬಹುಪಾಲು ಗೆಲಾಕ್ಸಿಗಳಿಗೆ 2ರಿಂದ 3 ಮಿ.ಮೀ., ಗೋಳಗುಚ್ಛಗಳಿಗೂ ಗ್ರಹರೂಪಿ ನೀಹಾರಿಕೆಗಳಿಗೂ 1ರಿಂದ 2 ಮಿ.ಮೀ. ಬರುವಂತೆ ಐಪೀಸುಗಳನ್ನು ಆರಿಸಿಕೊಳ್ಳಬಹುದು. ಮಂದ ಕಾಯಕ್ಕೆ ಕಡಿಮೆ ವರ್ಧನೆಯೇ ಸರಿ ಎಂಬ ಹಳೆಯ ಸಲಹೆಯನ್ನು ಕಣ್ಣುಮುಚ್ಚಿ ಪಾಲಿಸಬೇಡಿ. ವರ್ಧನೆ ಹೆಚ್ಚಿಸಿದಾಗ ಕಾಯವೂ ಹಿನ್ನೆಲೆಯೂ ಸಮನಾಗಿ ಮಂಕಾಗುತ್ತವೆ, ಅವುಗಳ ಅನುಪಾತ ಬದಲಾಗುವುದಿಲ್ಲ. ಚಿಕ್ಕ ಗೆಲಾಕ್ಸಿಗಳು ಎಷ್ಟೋ ಸಲ ವರ್ಧನೆ ಏರಿಸಿದಾಗಲೇ ಹೊರಬರುತ್ತವೆ.

ಎಂ, ಎನ್‌ಜಿಸಿ ಎಂಬ ಸಂಖ್ಯೆಗಳು ಎಲ್ಲಿಂದ ಬಂದವು?

ಫ್ರಾನ್ಸಿನ ಶಾರ್ಲ್ ಮೆಸಿಯೆ ಧೂಮಕೇತುಗಳ ಬೇಟೆಗಾರ. 1758ರಲ್ಲಿ ವೃಷಭ ರಾಶಿಯಲ್ಲಿ ಧೂಮಕೇತುವಿನಂತೆ ತೋರಿದ, ಆದರೆ ಕದಲದ ಕಲೆಯೊಂದನ್ನು ಕಂಡು, ಇಂಥವು ಮುಂದೆ ಗೊಂದಲ ಹುಟ್ಟಿಸಬಾರದೆಂದು ಪಟ್ಟಿ ಮಾಡತೊಡಗಿದ. ಆ ಮೊದಲ ಕಲೆಯೇ ಎಂ 1, ಚೀನಾದ ವೀಕ್ಷಕರು 1054ರಲ್ಲಿ ದಾಖಲಿಸಿದ ಸೂಪರ್‌ನೋವಾದ, ಅಂದರೆ ನಕ್ಷತ್ರಸ್ಫೋಟದ ಅವಶೇಷ. ಅವನ ಪಟ್ಟಿಯಲ್ಲಿ ಇಂದು 110 ಕಾಯಗಳಿವೆ. ಅವುಗಳಲ್ಲಿ 40 ಗೆಲಾಕ್ಸಿಗಳು, 29 ಗೋಳಗುಚ್ಛಗಳು. ಎನ್‌ಜಿಸಿ ಎಂಬುದು ಜೆ.ಎಲ್.ಇ. ಡ್ರೇಯರ್ 1888ರಲ್ಲಿ ಪ್ರಕಟಿಸಿದ 7,840 ಕಾಯಗಳ ಪಟ್ಟಿ; ವಿಲಿಯಂ, ಕ್ಯಾರೊಲಿನ್ ಮತ್ತು ಜಾನ್ ಹರ್ಷೆಲ್ ಅವರ ದೀರ್ಘಕಾಲದ ಶೋಧ ಅದರ ತಳಹದಿ. ಕೃತ್ತಿಕಾ ಗುಚ್ಛಕ್ಕೆ ಎಂ 45 ಎಂಬ ಸಂಖ್ಯೆಯಿದ್ದರೂ ಎನ್‌ಜಿಸಿ ಸಂಖ್ಯೆಯಿಲ್ಲ ಎಂಬುದು ರಸಪ್ರಶ್ನೆಗೆ ಒದಗುವ ಸಂಗತಿ.

ಕಾಯವನ್ನು ಹುಡುಕಲು ಕಂಪ್ಯೂಟರ್ ಚಾಲಿತ ದೂರದರ್ಶಕ ಬೇಕೇ?

ಬೇಕೆಂದಿಲ್ಲ. ಪ್ರಕಾಶಮಾನ ನಕ್ಷತ್ರದಿಂದ ಆರಂಭಿಸಿ ನಕ್ಷೆಯನ್ನು ಹೋಲಿಸುತ್ತ ಒಂದೊಂದೇ ನಕ್ಷತ್ರವನ್ನು ದಾಟಿ ಗುರಿ ಮುಟ್ಟುವ ಕ್ರಮ ಹಳೆಯದು, ಖಚಿತವಾದದ್ದು. ಕೆಲವು ದಾರಿಗಳು ತೀರ ಸುಲಭ. ವೀಣಾ ಪುಂಜದಲ್ಲಿ ಅಭಿಜಿತ್ ನಕ್ಷತ್ರದ ಕೆಳಗಿನ ಸಮಾಂತರ ಚತುರ್ಭುಜದ ತುದಿಯ ಎರಡು ನಕ್ಷತ್ರಗಳ ನಡುವೆ ಎಂ 57 ಉಂಗುರ ನೀಹಾರಿಕೆ ಇದೆ. ಹರ್ಕ್ಯುಲಿಸ್ ಪುಂಜದ ನಾಲ್ಕು ನಕ್ಷತ್ರಗಳ ಚತುಷ್ಕೋನದ ಪಶ್ಚಿಮ ಬದಿಯಲ್ಲಿ, ಮೇಲಿನ ಮೂಲೆಯಿಂದ ಮೂರನೆಯ ಒಂದು ಭಾಗದಷ್ಟು ಇಳಿದರೆ ಎಂ 13. ಜ್ಯೇಷ್ಠಾ ನಕ್ಷತ್ರದಿಂದ ಪಶ್ಚಿಮಕ್ಕೆ ಒಂದೂಕಾಲು ಡಿಗ್ರಿಯಷ್ಟು ಸರಿದರೆ ಎಂ 4. ಗುರಿಯನ್ನು ಯಂತ್ರವೇ ಹುಡುಕಿಕೊಟ್ಟರೆ ಸಮಯ ಉಳಿಯುತ್ತದೆ ನಿಜ, ನಗರದ ಆಕಾಶದಲ್ಲಿ ದಾರಿ ತೋರುವ ನಕ್ಷತ್ರಗಳೇ ಕಾಣದಿದ್ದಾಗ ಅದು ಅನಿವಾರ್ಯವೂ ಆಗಬಹುದು. ಆದರೂ ಕೈಯಿಂದ ಹುಡುಕಿದವರಿಗೆ ಆಕಾಶದ ಪರಿಚಯ ಹೆಚ್ಚು ಗಟ್ಟಿಯಾಗಿರುತ್ತದೆ.

ಗೋಳಗುಚ್ಛದಲ್ಲಿ ಬಿಡಿ ನಕ್ಷತ್ರಗಳನ್ನು ಕಾಣಲು ಎಷ್ಟು ದೊಡ್ಡ ದೂರದರ್ಶಕ ಬೇಕು?

ಎಂ 13ರ ಅಂಚಿನ ನಕ್ಷತ್ರಗಳು 100 ಮಿ.ಮೀ. ದೂರದರ್ಶಕದಲ್ಲಿ ಹರಳುಹರಳಾಗಿ ತೋರತೊಡಗುತ್ತವೆ, 200 ಮಿ.ಮೀ.ನಲ್ಲಿ 150 ಪಟ್ಟು ವರ್ಧನೆ ಕೊಟ್ಟರೆ ನಡುವಿನವರೆಗೂ ಬಿಡಿಬಿಡಿಯಾಗುತ್ತವೆ. ಧನು ರಾಶಿಯ ಎಂ 22 ಇದಕ್ಕಿಂತಲೂ ಪ್ರಕಾಶಮಾನ, ಹತ್ತಿರದ್ದು ಕೂಡ, ಆದರೆ ಉತ್ತರದ ದೇಶಗಳವರಿಗೆ ಅದು ತಗ್ಗಿನಲ್ಲಿಯೇ ಉಳಿಯುವುದರಿಂದ ಎಂ 13ಕ್ಕೆ ಹೆಚ್ಚು ಹೆಸರು ಬಂದಿದೆ. ಎಲ್ಲಕ್ಕಿಂತ ಭವ್ಯವಾದದ್ದು ಸುಮಾರು 17,000 ಜ್ಯೋತಿರ್ವರ್ಷ ದೂರದ ಒಮೆಗಾ ಸೆಂಟಾರಿ. ಅದು ಆಕಾಶದ ಸಮಭಾಜಕದಿಂದ 47 ಡಿಗ್ರಿ ದಕ್ಷಿಣಕ್ಕಿರುವುದರಿಂದ ಉತ್ತರ ಅಕ್ಷಾಂಶ 42 ದಾಟಿದವರಿಗೆ ಉದಯಿಸುವುದೇ ಇಲ್ಲ. ಗೋಳಗುಚ್ಛಗಳು ಧನು ರಾಶಿಯ ಸುತ್ತ ದಟ್ಟವಾಗಿರುವುದನ್ನು ಆಧರಿಸಿಯೇ ಹಾರ್ಲೊ ಶಾಪ್ಲಿ ಆಕಾಶಗಂಗೆಯ ಕೇಂದ್ರ ಆ ದಿಕ್ಕಿನಲ್ಲಿದೆಯೆಂದೂ, ಸೂರ್ಯ ಆ ಕೇಂದ್ರದಲ್ಲಿಲ್ಲವೆಂದೂ 1918ರ ಸುಮಾರಿಗೆ ತೋರಿಸಿದ್ದು.

ಗೆಲಾಕ್ಸಿಗಳಲ್ಲಿ ಸುರುಳಿ ತೋಳುಗಳು ಕಾಣುತ್ತವೆಯೇ?

ಮೊದಲ ನೋಟಕ್ಕೆ ಬಹುಪಾಲು ಗೆಲಾಕ್ಸಿಗಳು ಗಾಜಿನ ಮೇಲೆ ಉಸಿರು ಬಿಟ್ಟಾಗ ಮೂಡುವ ಮಬ್ಬಿನಂತೆ, ನಡುವೆ ತುಸು ದಟ್ಟವಾಗಿ, ಅಂಚಿನಲ್ಲಿ ಕರಗಿಹೋಗುವಂತೆ ಕಾಣುತ್ತವೆ. ಸುರುಳಿಯನ್ನು ಮೊಟ್ಟಮೊದಲು ಕಂಡದ್ದು 1845ರಲ್ಲಿ, ಎಂ 51 ಗೆಲಾಕ್ಸಿಯಲ್ಲಿ, ಐರ್ಲೆಂಡಿನ ಲಾರ್ಡ್ ರಾಸ್ ತಾನೇ ಕಟ್ಟಿಸಿದ 72 ಅಂಗುಲ ಕನ್ನಡಿಯ ದೂರದರ್ಶಕದಲ್ಲಿ. ಈಗ ನಿಜವಾದ ಕತ್ತಲ ಆಕಾಶವಿದ್ದು, ಎಲ್ಲಿ ಏನನ್ನು ಹುಡುಕಬೇಕೆಂದು ತಿಳಿದಿದ್ದರೆ, 200ರಿಂದ 250 ಮಿ.ಮೀ.ನಲ್ಲಿಯೇ ಅದರ ಸುಳಿವು ಸಿಗುತ್ತದೆ. ಸುರುಳಿಗಿಂತ ಸುಲಭವಾದ ವಿವರಗಳು ಬೇಕಾದಷ್ಟಿವೆ: ಎಂ 104ರ ಅಡ್ಡಲಾಗಿ ಹಾಯುವ ದೂಳಿನ ಪಟ್ಟಿ, ಎಂ 31ರ ಪಕ್ಕದ ಎಂ 32 ಮತ್ತು ಎಂ 110 ಎಂಬ ಎರಡು ಸಂಗಾತಿ ಗೆಲಾಕ್ಸಿಗಳು, ಸಪ್ತರ್ಷಿ ಮಂಡಲದಲ್ಲಿ ಒಂದೇ ನೋಟದಲ್ಲಿ ಹಿಡಿಯುವ ಎಂ 81 ಮತ್ತು ಎಂ 82. ಕೊನೆಯ ಜೋಡಿಯಲ್ಲಿ ಒಂದು ದುಂಡಗೆ, ಇನ್ನೊಂದು ಕಡ್ಡಿಯಂತೆ ಉದ್ದ; ಸುಮಾರು 1.2 ಕೋಟಿ ಜ್ಯೋತಿರ್ವರ್ಷ ದೂರದ ಎರಡು ಗೆಲಾಕ್ಸಿಗಳ ರೂಪಭೇದವನ್ನು ಚಿಕ್ಕ ದೂರದರ್ಶಕದಲ್ಲೇ ಹೀಗೆ ಹೋಲಿಸಿ ನೋಡಬಹುದು. ಒಂದೊಂದು ಗೆಲಾಕ್ಸಿಗೂ ಕನಿಷ್ಠ ಹದಿನೈದು ನಿಮಿಷ ಕೊಡಿ. ಗಾಳಿ ನಿಶ್ಚಲವಾದ ಕ್ಷಣಗಳಲ್ಲಿ ಹೊಳೆದುಹೋಗುವ ವಿವರಗಳನ್ನು ಕೂಡಿಸಿಯೇ ಚಿತ್ರ ಮೂಡಬೇಕು. ಕೈಯಲ್ಲಿ ಪೆನ್ಸಿಲ್ ಹಿಡಿದು ರೇಖಾಚಿತ್ರ ಬರೆಯುವವರಿಗೆ ಹೆಚ್ಚು ಕಾಣುವುದು ಇದೇ ಕಾರಣಕ್ಕೆ.

ಫಿಲ್ಟರುಗಳಿಂದ ಪ್ರಯೋಜನವುಂಟೇ?

ಕಾಯ ಯಾವುದೆಂಬುದರ ಮೇಲೆ ಅವಲಂಬಿಸಿದೆ. ಹೊಳೆಯುವ ಅನಿಲದ ಬೆಳಕು ಕೆಲವೇ ತರಂಗಾಂತರಗಳಲ್ಲಿ ಒತ್ತಾಗಿರುವುದರಿಂದ, ಅವನ್ನಷ್ಟೇ ಒಳಬಿಟ್ಟು ಉಳಿದದ್ದನ್ನು ತಡೆಯುವ ಫಿಲ್ಟರು ಹಿನ್ನೆಲೆಯನ್ನು ಕಪ್ಪಾಗಿಸಿ ನೀಹಾರಿಕೆಯನ್ನು ಎತ್ತಿ ತೋರಿಸುತ್ತದೆ. ಆಮ್ಲಜನಕದ ರೇಖೆಗೆ ಮಾಡಿದ ಓ-3 ಫಿಲ್ಟರಿನ ಸಾಮರ್ಥ್ಯವನ್ನು ಅರಿಯಬೇಕಾದರೆ ರಾಜಹಂಸ ಪುಂಜದ ವೇಲ್ ನೀಹಾರಿಕೆಯನ್ನು ಅದಿಲ್ಲದೆ ಒಮ್ಮೆ, ಹಾಕಿಕೊಂಡು ಒಮ್ಮೆ ನೋಡಬೇಕು. ಗೆಲಾಕ್ಸಿ ಮತ್ತು ಗುಚ್ಛಗಳ ಬೆಳಕು ನಕ್ಷತ್ರಗಳದ್ದು, ಎಲ್ಲ ಬಣ್ಣಗಳಲ್ಲೂ ಹರಡಿರುವಂಥದ್ದು. ಅವಕ್ಕೆ ಈ ಫಿಲ್ಟರುಗಳು ಕೆಡುಕನ್ನೇ ಮಾಡುತ್ತವೆ. ನಕ್ಷತ್ರದ ಬೆಳಕನ್ನು ಪ್ರತಿಫಲಿಸುವ ಎಂ 78ರಂತಹ ನೀಹಾರಿಕೆಗಳಿಗೂ ಉಪಯೋಗವಿಲ್ಲ. ಬೀದಿದೀಪಗಳು ಎಲ್‌ಇಡಿಗೆ ಬದಲಾದ ಮೇಲೆ, ಆ ಬೆಳಕೂ ಎಲ್ಲ ಬಣ್ಣಗಳಲ್ಲಿ ಹರಡಿರುವುದರಿಂದ, ಸೋಡಿಯಂ ದೀಪದ ಕಾಲದ ‘ನಗರ ಫಿಲ್ಟರು’ಗಳ ಬೆಲೆ ಕುಗ್ಗಿದೆ.

ಕನ್ನಡಕ ಹಾಕಿಕೊಂಡೇ ನೋಡಬೇಕೇ?

ಹ್ರಸ್ವದೃಷ್ಟಿ, ದೂರದೃಷ್ಟಿಗಳನ್ನು ಫೋಕಸ್ ಸರಿಪಡಿಸುತ್ತದೆ, ಕನ್ನಡಕ ತೆಗೆಯಬಹುದು. ಅಸಮದೃಷ್ಟಿ, ಅಂದರೆ ಆಸ್ಟಿಗ್ಮಾಟಿಸಂ ಇದ್ದವರು ಕಡಿಮೆ ವರ್ಧನೆಯಲ್ಲಿ ಹಾಕಿಕೊಂಡಿರುವುದೇ ಒಳ್ಳೆಯದು.

ಯಾವ ಕಾಯವನ್ನು ಯಾವಾಗ ನೋಡಬೇಕೆಂದು ತಿಳಿಯುವುದು ಹೇಗೆ?

ನಕ್ಷತ್ರಗಳು ದಿನಕ್ಕೆ ಸುಮಾರು 4 ನಿಮಿಷ, ತಿಂಗಳಿಗೆ 2 ಗಂಟೆ ಬೇಗ ಉದಯಿಸುತ್ತವೆ. ಸಂಜೆಯ ಹೊತ್ತಿಗೆ ಮಹಾವ್ಯಾಧ, ವೃಷಭ, ಮಿಥುನಗಳ ಗುಚ್ಛ ನೀಹಾರಿಕೆಗಳು ಡಿಸೆಂಬರಿನಿಂದ ಮಾರ್ಚ್‌ವರೆಗೆ ಸಿಗುತ್ತವೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಸಿಂಹ ಮತ್ತು ಕನ್ಯಾ ರಾಶಿಗಳು ಮೇಲಿರುವಾಗ ನಾವು ಆಕಾಶಗಂಗೆಯ ತಟ್ಟೆಯಿಂದ ಹೊರಮುಖವಾಗಿ ನೋಡುತ್ತಿರುತ್ತೇವೆ. ದೂಳು ಅಡ್ಡ ಬರುವುದಿಲ್ಲವಾದ್ದರಿಂದ ಅದು ಗೆಲಾಕ್ಸಿಗಳ ಕಾಲ. 2019ರಲ್ಲಿ ಕಪ್ಪುಕುಳಿಯ ಮೊದಲ ಚಿತ್ರ ಹೊರಬಂದದ್ದು ಕನ್ಯಾ ರಾಶಿಯ ದಿಕ್ಕಿನ ಎಂ 87 ಗೆಲಾಕ್ಸಿಯದು. ಆ ಗೆಲಾಕ್ಸಿ 100 ಮಿ.ಮೀ. ದೂರದರ್ಶಕದಲ್ಲೂ ದುಂಡನೆಯ ಮಬ್ಬಾಗಿ ಕಾಣುತ್ತದೆ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಧನು, ವೃಶ್ಚಿಕಗಳ ಕಡೆಗೆ, ಅಂದರೆ ನಮ್ಮ ಗೆಲಾಕ್ಸಿಯ ಒಳಮುಖಕ್ಕೆ ನೋಡುವಾಗ ಎಂ 8, ಎಂ 20, ಎಂ 22ಗಳ ಸಾಲೇ ಇದೆ. ಋತು ಯಾವುದಾದರೂ, ಕಾಯ ಆಕಾಶದಲ್ಲಿ ಅತಿ ಎತ್ತರಕ್ಕೆ ಏರಿದ ಹೊತ್ತಿನಲ್ಲಿ ನೋಡಬೇಕು. ದಿಗಂತದಿಂದ 30 ಡಿಗ್ರಿ ಮೇಲಿರುವ ಕಾಯದ ಬೆಳಕು ನೆತ್ತಿಯ ಮೇಲಿದ್ದಾಗಿನದಕ್ಕಿಂತ ಎರಡು ಪಟ್ಟು ವಾಯುಮಂಡಲವನ್ನು ದಾಟಿ ಬರುತ್ತದೆ.

ಇವುಗಳಲ್ಲಿ ಬದಲಾವಣೆಗಳೇನಾದರೂ ಕಾಣುತ್ತವೆಯೇ, ಅಥವಾ ಸದಾ ಹೀಗೆಯೇ ಇರುತ್ತವೆಯೇ?

ಹೆಚ್ಚಿನವು ಮನುಷ್ಯನ ಆಯುಷ್ಯದಲ್ಲಿ ಬದಲಾಗುವುದಿಲ್ಲ, ಆದರೆ ಗಮನಾರ್ಹ ಅಪವಾದಗಳಿವೆ. ಮಾನೊಸೆರೊಸ್ ಪುಂಜದ ಎನ್‌ಜಿಸಿ 2261, ಹಬಲ್‌ನ ಚರ ನೀಹಾರಿಕೆ, ತನ್ನ ನಕ್ಷತ್ರದ ಬಳಿಯ ದೂಳು ನೆರಳು ಬೀರುವುದರಿಂದ ವಾರಗಳ ಅವಧಿಯಲ್ಲಿಯೇ ರೂಪ ಬದಲಿಸುತ್ತದೆ. ಗೆಲಾಕ್ಸಿಗಳಲ್ಲಿ ಸೂಪರ್‌ನೋವಾಗಳು ಸಿಡಿಯುತ್ತವೆ. ಎಂ 31ರಲ್ಲಿ 1885ರಲ್ಲಿ ಕಂಡದ್ದು ಬರಿಗಣ್ಣಿನ ಮಿತಿಯನ್ನು ಸಮೀಪಿಸಿತ್ತು. 2014ರಲ್ಲಿ ಎಂ 82ರಲ್ಲಿ, 2011 ಮತ್ತು 2023ರಲ್ಲಿ ಎಂ 101ರಲ್ಲಿ ಕಾಣಿಸಿಕೊಂಡವು ಹವ್ಯಾಸಿಗಳ ಸಾಧಾರಣ ದೂರದರ್ಶಕಗಳಿಗೂ ಎಟುಕಿದವು. 2014ರದ್ದನ್ನು ಮೊದಲು ಗುರುತಿಸಿದ್ದು ಲಂಡನ್ ವಿಶ್ವವಿದ್ಯಾಲಯದ ಬೋಧನಾ ವೀಕ್ಷಣಾಲಯದಲ್ಲಿ, ಪಾಠದ ನಡುವೆ; 2023ರದ್ದನ್ನು ಗುರುತಿಸಿದವರು ಜಪಾನಿನ ಹವ್ಯಾಸಿ ಕೊಯಿಚಿ ಇಟಗಾಕಿ. ಆದ್ದರಿಂದ ಪರಿಚಿತ ಗೆಲಾಕ್ಸಿಯಲ್ಲಿ ಹಿಂದೆ ಕಾಣದಿದ್ದ ನಕ್ಷತ್ರವೊಂದು ಕಂಡರೆ ಹಳೆಯ ಚಿತ್ರದೊಂದಿಗೆ ಹೋಲಿಸಿ, ಆ ಜಾಗದಲ್ಲಿ ಹಾದುಹೋಗುತ್ತಿರುವ ಕ್ಷುದ್ರಗ್ರಹವಿದೆಯೇ ಎಂದು ಪರಿಶೀಲಿಸಿ, ಒಂದೆರಡು ಗಂಟೆಯ ನಂತರವೂ ಅದು ಕದಲಿಲ್ಲವೆಂದು ಖಚಿತಪಡಿಸಿಕೊಂಡು, ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಪರವಾಗಿ ಇಂತಹ ವರದಿಗಳನ್ನು ಸ್ವೀಕರಿಸುವ ಟ್ರಾನ್ಸಿಯಂಟ್ ನೇಮ್ ಸರ್ವರ್‌ಗೆ ಸ್ಥಾನ ಮತ್ತು ಸಮಯಗಳನ್ನು ಬರೆದು ಸಲ್ಲಿಸಬಹುದು.